ಬೇಟೆಯ ಕಾಡು ನೋಟದ ಕಾಡಾದುದು

1

ದಕ್ಷಿಣ ಆಫ್ರಿಕೆಯ ಈಶಾನ್ಯ ಮೂಲೆಯಲ್ಲಿ ಕ್ರೂಗರ್ ರಾಷ್ಟ್ರೀಯ ವನವೆಂಬ ಮಹಾರಣ್ಯವೊಂದುಂಟು. ಅದರ ತೆಂಕಣ ಎಲ್ಲೆ ಕ್ರಾಕಡೈಲ್ ನದಿ. ಬಡಗಣ ಎಲ್ಲೆ ಲಿಂಪೋಪೊ ನದಿ. ಮೂಡಲಲ್ಲಿ ಲೆಬೊಂಬೊ ಬೆಟ್ಟಗಳ ಸಾಲು, ಅದರಾಚೆಗೆ ಮೊಜಾಂಬಿಕ್ ದೇಶ. ತೆಂಕಣಿಂದ ಬಡಗಕ್ಕೆ ಸುಮಾರು 350 ಕಿಲೋಮೀಟರು ಉದ್ದವಾಗಿ, ಸುಮಾರು 19,500 ಚದರ ಕಿಲೋಮೀಟರು ವಿಸ್ತಾರವಾಗಿ ಹಬ್ಬಿರುವ ಈ ವನದಲ್ಲಿ 500ಕ್ಕೂ ಮಿಕ್ಕ ಬಗೆಯ ಹಕ್ಕಿಗಳನ್ನು ಗುರುತಿಸಿರುವರು. ಆನೆ, ಸಿಂಹ, ಚಿರತೆ, ಕಾಡೆಮ್ಮೆ, ಖಡ್ಗಮೃಗ, ನೀರಾನೆ, ಜಿರಾಫೆ ಮೊದಲಾದವನ್ನು ಒಂದೇ ಕಾಡಿನಲ್ಲಿ ನೋಡಬಯಸುವವರು ಲೋಕದ ಮೂಲೆಮೂಲೆಗಳಿಂದ ಇಲ್ಲಿಗೆ ಬಂದು ಕೆಲವು ದಿನ ತಂಗುವರು.

ಆ ತಂಗುವಿಕೆಗೆ ಒಂದು ಕ್ರಮವುಂಟು. ವನದೊಳಗೆ 12 ದೊಡ್ಡ ಬಿಡಾರಗಳಿವೆ. ಒಂದೊಂದರ ಸುತ್ತಲೂ ಬೇಲಿ. ಬೇಲಿಯೊಳಗೆ ಹುಲ್ಲುಹೊದಿಸಿದ ದುಂಡು ಗುಡಿಸಲುಗಳು. ಹೊತ್ತು ಮೂಡುವ ವೇಳೆಗೆ ಬಾಗಿಲು ತೆರೆಯುವುದು, ಹೊತ್ತು ಮುಳುಗುವ ವೇಳೆಗೆ ಮುಚ್ಚುವುದು. ನಡುವಣ ಹೊತ್ತಿನಲ್ಲಿ ಅತಿಥಿಗಳು ತಮ್ಮ ಮೋಟಾರು ಬಂಡಿಗಳಲ್ಲಿ ಕುಳಿತು ಮೆಲ್ಲಮೆಲ್ಲನೆ ಸಂಚರಿಸುವರು. ಗೊತ್ತುಮಾಡಿದ ಜಾಗಗಳಲ್ಲಲ್ಲದೆ ಬಂಡಿಯಿಂದ ಇಳಿಯಕೂಡದು. ಕೋವಿಯನ್ನು ತಂದವರು ಅದನ್ನು ಬಾಗಿಲಲ್ಲಿಯೇ ತೋರಿಸಿ ಮುದ್ರೆ ಹಾಕಿಸಬೇಕು. ರಾತ್ರಿ ಬೇಲಿಯೊಳಗೆ ಮಲಗುವವನು ಮನುಷ್ಯ. ಹೊರಗೆ ಸ್ವೇಚ್ಛೆಯಾಗಿ ತಿರುಗುವುವು ಮೃಗಗಳು.

ಇದನ್ನು ಕಂಡವರಿಗೆ ಈ ಕಾಡು ಸೃಷ್ಟಿಯಾದಂದಿನಿಂದಲೂ ಹೀಗೆಯೇ ಇದ್ದಿತೆಂದು ತೋರುವುದು ಸಹಜ. ಇತಿಹಾಸವಾದರೋ ಬೇರೆ ಮಾತನ್ನು ಹೇಳುವುದು. ಇಂಥ ಕಾಡುಗಳಿಗೆ ಆಂಗ್ಲೇಯರು ಮೊದಲು ಕೊಟ್ಟ ಹೆಸರು ‘ಗೇಮ್ ರಿಸರ್ವ್’ ಎಂದು. ‘ಗೇಮ್’ ಎಂದರೆ ಬೇಟೆಗೆ ಯೋಗ್ಯವಾದ ಪ್ರಾಣಿ. ಅದನ್ನು ಮುಂದಿನ ಬೇಟೆಗೆಂದು ಕಾದಿರಿಸಿದ ನೆಲವೇ ‘ಗೇಮ್ ರಿಸರ್ವ್’. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ವಿಹಾರಕ್ಕೆಂದು ಕಾಪಾಡುವ ಮೃಗವನವೂ ಉಂಟು. ಒಳಗಿನ ಪ್ರಾಣಿಯನ್ನು ಕೊಂದವನಿಗೆ ದಂಡವನ್ನು ವಿಧಿಸುವ ಅಭಯವನವೂ ಉಂಟು. ಕ್ರೂಗರ್ ವನದ ಕಥೆಯು ಮೃಗವನವೊಂದು ಕ್ರಮವಾಗಿ ಅಭಯವನವಾದ ಕಥೆ. ಆ ಅಭಯವು ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದೂ ಅದೇ ಕಥೆಯಲ್ಲಿ ಅಡಗಿರುವುದು.

2

ಈ ಸೀಮೆಗೆ ‘ಲೋವೆಲ್ಡ್’, ಎಂದರೆ ತಗ್ಗುನಾಡು, ಎಂದು ಹೆಸರು. ಬೇಸಗೆಯಲ್ಲಿ ಮಳೆ ಬೀಳುವ ಈ ನೆಲದಲ್ಲಿ ಮಲೇರಿಯಾ ಜ್ವರದ ಕಾಟ ಬಲವಾಗಿದ್ದಿತು. ಅದರೊಡನೆ ಟ್ಸೆಟ್ಸೆ ಎಂಬ ನೊಣವೂ ಇದ್ದಿತು. ಅದು ಕಚ್ಚಿದ ಕುದುರೆಯೂ ದನವೂ ‘ನಗಾನ’ ಎಂಬ ರೋಗ ಹಿಡಿದು ಸೊರಗಿ ಸಾಯುತ್ತಿದ್ದುವು. ಈ ಎರಡು ಕಾರಣಗಳಿಂದ ಬಿಳಿಯ ಒಕ್ಕಲಿಗರು ಬಹುಕಾಲ ಇಲ್ಲಿ ನೆಲೆಯೂರಲಿಲ್ಲ. ಆದರೆ ಬಿಳಿಯರು ನೆಲೆಯೂರದ ನೆಲವೆಂದ ಮಾತ್ರಕ್ಕೆ ಅದು ನಿರ್ಜನವಾಗಿದ್ದಿತೆಂದು ತಿಳಿಯಲಾಗದು. ವನದ ಬಡಗಣ ತುದಿಯಲ್ಲಿ, ಲುವುವ್ಹು ನದಿಯ ಬಳಿ, ಥುಲಮೇಲ ಎಂಬ ಗುಡ್ಡದ ಮೇಲೆ ಕಲ್ಲುಗೋಡೆಗಳ ಒಂದು ಹಳೆಯ ನೆಲೆಯುಂಟು. 1990ರ ದಶಕದಲ್ಲಿ ಅದನ್ನು ಅಗೆದು ನೋಡಿದಾಗ ಚಿನ್ನದ ಒಡವೆಗಳೂ ದೂರದೇಶಗಳ ವ್ಯಾಪಾರದ ಕುರುಹುಗಳೂ ದೊರೆತುವು. ಹದಿಮೂರನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗೆ ಅಲ್ಲಿ ಜನ ಬಾಳಿದ್ದರು. ತರುವಾಯದ ಕಾಲದಲ್ಲಿಯೂ ತ್ಸೋಂಗ, ವೆಂಡ, ಸ್ವಾಜಿ ಮೊದಲಾದ ಜನಾಂಗದವರು ಈ ಸೀಮೆಯ ನದಿಗಳ ದಡದಲ್ಲಿ ಜೋಳ ಬಿತ್ತಿ, ಬೇಟೆಯಾಡಿ, ಊರು ಕಟ್ಟಿಕೊಂಡಿದ್ದರು.

ಹತ್ತೊಂಬತ್ತನೆಯ ಶತಮಾನದ ನಡುವಣಿಂದ ಬೋಯರರು ಈ ಕಡೆಗೆ ಬಂದರು. ಮೊದಲು ಅವರನ್ನು ಎಳೆತಂದುದು ಆನೆಯ ದಂತ. 1848ರಲ್ಲಿ ಬಡಗಣ ಬೆಟ್ಟಗಳ ಅಡಿಯಲ್ಲಿ ಹುಟ್ಟಿದ ಸ್ಕೂಮನ್ಸ್‌ಡಾಲ್ ಎಂಬ ಊರು ದಂತದ ವ್ಯಾಪಾರದಿಂದಲೇ ಬೆಳೆಯಿತು. ಆನೆಗಳು ಮುಗಿಯುತ್ತ ಬಂದಂತೆ, ನೆಲದ ಜನರೊಡನೆ ಕಲಹವೂ ಹೆಚ್ಚಿ, 1867ರಲ್ಲಿ ಪಾಳುಬಿದ್ದಿತು. ದಂತ ತೀರಿದ ಮೇಲೆ ತೊಗಲು, ತೊಗಲಿನ ಜೊತೆಗೆ ಒಣಮಾಂಸ. 1880ರ ದಶಕದಲ್ಲಿ ಚಿನ್ನದ ಗಣಿಗಳು ತೆರೆದ ಬಳಿಕ ಕೋವಿಗಳು ಇನ್ನೂ ಹೆಚ್ಚಿದುವು. ಜ್ವರವಿಲ್ಲದ ಚಳಿಗಾಲದಲ್ಲಿ ಕಾಡಿಗಿಳಿದು ಬಂಡಿ ತುಂಬ ಮಾಂಸ ಹೇರಿಕೊಂಡು ಹೋಗುವುದು ವರ್ಷವರ್ಷದ ವಾಡಿಕೆಯಾಯಿತು.

ಇಂತಿರಲು 1896ರಲ್ಲಿ ಮತ್ತೊಂದು ಮಾರಿ ಬಂದೆರಗಿತು. ರಿಂಡರ್‌ಪೆಸ್ಟ್ ಎಂಬ ದನದ ದೊಡ್ಡರೋಗವು 1880ರ ದಶಕದ ಕೊನೆಯಲ್ಲಿ ಆಫ್ರಿಕೆಯ ಈಶಾನ್ಯ ಕರಾವಳಿಗೆ ಕಾಲಿಟ್ಟಿದ್ದಿತು. ಇಟಲಿಯ ಸೇನೆಗಾಗಿ ಹಡಗಿನಲ್ಲಿ ಹಿಂದೂಸ್ಥಾನದ ಕಡೆಯಿಂದ ತಂದ ದನಗಳೊಡನೆ ಅದು ಬಂದಿತೆಂಬುದು ಬಹುಮಂದಿಯ ಮತ. ಏಳೆಂಟು ವರ್ಷಗಳಲ್ಲಿ ಖಂಡದ ಉದ್ದಕ್ಕೂ ಇಳಿದು ಜಾಂಬೆಸಿ ನದಿಯನ್ನು ದಾಟಿ ತಗ್ಗುನಾಡನ್ನು ಹೊಕ್ಕಿತು. ಒಕ್ಕಲಿಗರ ದನಗಳು ಹಟ್ಟಿಹಟ್ಟಿಯಾಗಿ ಸತ್ತುವು. ಕಾಡಿನಲ್ಲಿ ಕಾಡೆಮ್ಮೆಗಳೂ ಎರಳೆಗಳೂ ಹಿಂಡುಹಿಂಡಾಗಿ ಬಿದ್ದುವು. ರಕ್ತ ಹೀರಲು ಮೃಗವಿಲ್ಲದೆ ಟ್ಸೆಟ್ಸೆ ನೊಣವೂ ಈ ಸೀಮೆಯಿಂದ ಅಳಿಯಿತು. ಬಿಳಿಯ ಖಡ್ಗಮೃಗವಾದರೋ ಅದೇ ದಶಕದಲ್ಲಿ ತಗ್ಗುನಾಡಿನಿಂದ ಪೂರ್ಣವಾಗಿ ಮರೆಯಾಯಿತು.

ಕಾಡು ಹೀಗೆ ಬರಿದಾಗುತ್ತಿರುವುದನ್ನು ಕಂಡು ಟ್ರಾನ್ಸ್‌ವಾಲ್ ಗಣರಾಜ್ಯದ ಶಾಸನಸಭೆಯಲ್ಲಿ 1895ರಲ್ಲಿಯೇ ಲವ್‌ಡೇ, ವಾನ್ ವೈಕ್ ಎಂಬ ಸದಸ್ಯರು ಸಾಬಿ ನದಿಯ ಸೀಮೆಯನ್ನು ಕಾದಿರಿಸಬೇಕೆಂಬ ಸೂಚನೆಯನ್ನು ತಂದಿದ್ದರು. 1898ನೆಯ ಮಾರ್ಚಿ 26ರಂದು ಅಧ್ಯಕ್ಷ ಪಾಲ್ ಕ್ರೂಗರನ ರುಜುವಿನೊಡನೆ ಸಾಬಿ ಮತ್ತು ಕ್ರಾಕಡೈಲ್ ನದಿಗಳ ನಡುವಣ ನೆಲವು ‘ಸಾಬಿ ಗೇಮ್ ರಿಸರ್ವ್’ ಎಂದು ಘೋಷಿತವಾಯಿತು. ಮರುವರ್ಷವೇ ಬೋಯರರಿಗೂ ಆಂಗ್ಲೇಯರಿಗೂ ಯುದ್ಧ ಹೊತ್ತಿತು. ಘೋಷಣೆಯು ಕಾಗದದಲ್ಲಿ ಉಳಿಯಿತು. ಎರಡು ಪಕ್ಷದ ದಂಡುಗಳೂ ಕಾಡಿನ ಮೃಗಗಳನ್ನು ಕೊಂದು ಹೊಟ್ಟೆ ಹೊರೆದುಕೊಂಡುವು.

3

1902ರಲ್ಲಿ ಯುದ್ಧ ಮುಗಿದು ಆಂಗ್ಲೇಯರ ಆಡಳಿತವು ನೆಲೆಗೊಂಡಿತು. ಹೊಸ ಸರ್ಕಾರವು ಸಾಬಿ ಕಾಡಿಗೆ ಮೇಲ್ವಿಚಾರಕನನ್ನಾಗಿ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ ಎಂಬ ಸೇನಾಧಿಕಾರಿಯನ್ನು ನೇಮಿಸಿತು. 1867ರಲ್ಲಿ ಹುಟ್ಟಿದ ಈ ಸ್ಕಾಟಿಷ್ ಜಮೀನುದಾರನು ಎರಡು ವರ್ಷಗಳ ಮಟ್ಟಿಗೆಂದು ಬಂದವನು. ನಡುವೆ ಮಹಾಯುದ್ಧಕ್ಕೆ ಹೋಗಿಬಂದುದನ್ನು ಬಿಟ್ಟರೆ 1946ರವರೆಗೂ ಅಲ್ಲಿಯೇ ನಿಂತನು. ಕಾಡಿಗೆ ಬಂದಾಗ ಅವನಿಗೆ ಕಂಡ ಮೃಗಗಳು ಬಲು ವಿರಳ. ಆನೆಯೆಂಬುದು ಸಾಬಿಯಲ್ಲಿ ಇರಲಿಲ್ಲ. 1905ರಲ್ಲಿ ಬಡಗಣ ಓಲಿಫಾಂಟ್ಸ್ ನದಿಯ ಕಡೆಗೆ ಹತ್ತರಷ್ಟು ಆನೆಗಳು ಕಂಡುದೇ ದೊಡ್ಡ ಸುದ್ದಿಯಾಯಿತು.

ಅವನು ಮೊದಲು ಕೈಕೊಂಡ ಕಾರ್ಯವೆಂದರೆ ಕಾಡಿನೊಳಗಿದ್ದ ಮನುಷ್ಯರನ್ನು ಹೊರಗೆ ಕಳುಹಿಸುವುದು. 1903ರ ಹೊತ್ತಿಗೆ ಎರಡು ಮೂರು ಸಾವಿರ ಜನ ಆಫ್ರಿಕೆಯವರು ತಮ್ಮ ಊರುಗಳನ್ನು ಬಿಡಬೇಕಾಯಿತು. ತ್ಸೋಂಗ ಭಾಷೆಯಾಡುವವರು ಅವನಿಗೆ ‘ಸ್ಕುಕುಜ’ ಎಂದು ಹೆಸರಿಟ್ಟರು. ಗುಡಿಸಿಹಾಕುವವನು ಎಂದು ಕೆಲವರು, ಎಲ್ಲವನ್ನೂ ತಲೆಕೆಳಗು ಮಾಡುವವನು ಎಂದು ಕೆಲವರು ಅದಕ್ಕೆ ಅರ್ಥ ಹೇಳುವರು. ಯಾವ ಅರ್ಥವನ್ನು ಹಿಡಿದರೂ ಅದು ಮನೆ ಕಳೆದುಕೊಂಡವರು ಇಟ್ಟ ಹೆಸರೆಂಬುದರಲ್ಲಿ ಸಂದೇಹವಿಲ್ಲ. 1936ರಲ್ಲಿ ಸಾಬಿ ಸೇತುವೆಯ ಬಳಿಯ ಮುಖ್ಯ ಬಿಡಾರಕ್ಕೆ ಅವನ ಗೌರವಾರ್ಥವಾಗಿ ಅದೇ ಹೆಸರನ್ನು ಇಟ್ಟರು. ಇಂದು ಸ್ಕುಕುಜವೆಂದರೆ ವನದ ರಾಜಧಾನಿ. ಆ ಹೆಸರಿನ ಹಿಂದೆ ಇರುವ ನೋವು ಅತಿಥಿಗಳ ಕಿವಿಗೆ ಮುಟ್ಟುವುದು ಅಪರೂಪ. ಕೆಲವು ವರ್ಷಗಳ ತರುವಾಯ, ಆಳುಗಳಿಲ್ಲದೆ ಕಾಡಿನ ಕೆಲಸ ನಡೆಯದೆಂಬುದು ತಿಳಿದುಬಂದು, ಕೆಲವರು ತೆರಿಗೆ ತೆತ್ತು ದುಡಿದುಕೊಂಡು ಒಳಗೆ ಇರಬಹುದೆಂದಾಯಿತು. ತಮ್ಮ ನೆಲದಲ್ಲಿಯೇ ಅವರು ಬಾಡಿಗೆಯ ಒಕ್ಕಲುಗಳಾದರು.

ಎರಡನೆಯ ಕಾರ್ಯವು ಹಿಂಸ್ರಮೃಗಗಳ ಸಂಹಾರ. ಎರಳೆಗಳು ಹೆಚ್ಚಬೇಕಾದರೆ ಅವನ್ನು ತಿನ್ನುವುವು ಕಡಿಮೆಯಾಗಬೇಕೆಂಬುದು ಅಂದಿನ ನಂಬಿಕೆ. ಆದುದರಿಂದ ರಕ್ಷಕರೇ ಕೋವಿ ಹಿಡಿದು ಸಿಂಹ, ಚಿರತೆ, ಚೀತಾ, ಕತ್ತೆಕಿರುಬ, ಕಾಡುನಾಯಿ, ಮೊಸಳೆಗಳನ್ನು ಕೊಲ್ಲುತ್ತಿದ್ದರು. ಮೊದಲ ಇಪ್ಪತ್ತೈದು ವರ್ಷಗಳಲ್ಲಿ ಹೀಗೆ ಸತ್ತ ಸಿಂಹಗಳೇ ಸಾವಿರಕ್ಕೆ ಮಿಕ್ಕಿದ್ದುವು. ಅಭಯವೆಂಬುದು ಇನ್ನೂ ಬೇಟೆಗೆ ಯೋಗ್ಯವಾದ ಪ್ರಾಣಿಗಳಿಗೆ ಮಾತ್ರವೇ ಮೀಸಲಾಗಿದ್ದಿತು.

ಆ ಕಾಲದ ಕಾವಲಿನ ಕಷ್ಟವನ್ನು ತೋರುವ ಒಂದು ಘಟನೆ ಪ್ರಸಿದ್ಧವಾಗಿದೆ. 1903ರ ಆಗಸ್ಟಿನಲ್ಲಿ ಹ್ಯಾರಿ ವೋಲ್‌ಹೂಟರ್ ಎಂಬ ರಕ್ಷಕನು ತನ್ನ ಆಫ್ರಿಕದ ಜೊತೆಗಾರರನ್ನು ಹಿಂದೆ ಬಿಟ್ಟು ಕುದುರೆಯ ಮೇಲೆ ಮುಂದಾಗಿ ಹೋಗುತ್ತಿದ್ದನು. ಕತ್ತಲೆ ಕವಿಯುತ್ತಿದ್ದಿತು. ಸಿಂಹವೊಂದು ಕುದುರೆಯ ಮೇಲೆ ಹಾರಿತು. ಕೆಳಗೆ ಬಿದ್ದವನ ಬಲಭುಜವನ್ನು ಮತ್ತೊಂದು ಸಿಂಹವು ಕಚ್ಚಿ ದೂರಕ್ಕೆ ಎಳೆದೊಯ್ದಿತು. ಎಳೆಯಲ್ಪಡುತ್ತಿರುವಾಗಲೇ ಅವನು ಎಡಗೈಯಿಂದ ಸೊಂಟದ ಚೂರಿಯನ್ನು ತೆಗೆದು ಅದರ ಎದೆಗೂ ಕೊರಳಿಗೂ ಇರಿದನು. ಸಿಂಹ ಸತ್ತಿತು. ಅವನು ಹೇಗೋ ಮರವನ್ನೇರಿ, ಮೂರ್ಛೆ ಬಂದರೆ ಬಿದ್ದುಹೋಗದಂತೆ ತನ್ನನ್ನು ಕೊಂಬೆಗೆ ಕಟ್ಟಿಕೊಂಡನು. ಮೊದಲನೆಯ ಸಿಂಹವು ಮರದಡಿಗೆ ಬಂದಾಗ ಅವನ ನಾಯಿ ಅದನ್ನು ತಡೆದು ಬೊಗಳುತ್ತಿದ್ದಿತು. ಕೊನೆಗೆ ಜೊತೆಗಾರರು ಬಂದು ಅವನನ್ನು ಇಳಿಸಿ, ಹಲವು ದಿನ ಹೊತ್ತು ನಡೆದು, ರೈಲುದಾರಿಯನ್ನು ಮುಟ್ಟಿಸಿದರು. ಅವನು ಬದುಕಿ ಇನ್ನೂ ನಾಲ್ಕು ದಶಕ ಕೆಲಸಮಾಡಿದನು. ಆ ಚೂರಿಯನ್ನೂ ಸಿಂಹದ ತೊಗಲನ್ನೂ ಸ್ಕುಕುಜದಲ್ಲಿ ಕಾಪಾಡಿರುವರು. ವೋಲ್‌ಹೂಟರನ ಕೀರ್ತಿ ದೇಶಾಂತರಕ್ಕೆ ಹಬ್ಬಿತು. ಅವನನ್ನು ಹೊತ್ತು ನಡೆದವರ ಹೆಸರು ಆ ಕೀರ್ತಿಯೊಡನೆ ಹಬ್ಬಲಿಲ್ಲ. ಕಾಡಿನ ಕಾವಲು ನಡೆದುದು ಬೆರಳೆಣಿಕೆಯ ಬಿಳಿಯ ಅಧಿಕಾರಿಗಳಿಂದ ಮಾತ್ರವಲ್ಲ. ಹೆಜ್ಜೆಯ ಜಾಡನ್ನು ಓದಬಲ್ಲ ಆ ನೆಲದ ಕಾವಲುಗಾರರಿಂದ. ಈ ಮಾತನ್ನು ಇತಿಹಾಸಕಾರರು ಒತ್ತಿ ಹೇಳತೊಡಗಿದುದು ಈಚೆಗೆ.

4

ಮೃಗಗಳು ಹೆಚ್ಚಿದುವು, ಕಾಡಿನ ಶತ್ರುಗಳೂ ಹೆಚ್ಚಿದರು. ನೊಣವೂ ದೂರವಾದ ಮೇಲೆ ಕುರಿಸಾಕಣೆಗಾರರು ಚಳಿಗಾಲದ ಹುಲ್ಲಿಗಾಗಿ ಬಾಯಿಬಿಟ್ಟರು. ಭೂಮಿಯ ಕಂಪೆನಿಗಳು ತಮ್ಮ ಜಮೀನುಗಳನ್ನು ಕೇಳಿದುವು. ಬೇಟೆಗಾರರು, ಮೃಗಗಳು ಸಾಕಷ್ಟು ಬೆಳೆದಿರುವುದರಿಂದ ಕಾಡಿನ ಬಾಗಿಲನ್ನು ಕೋವಿಗೆ ತೆರೆಯಬೇಕೆಂದರು. ಕಾದಿರಿಸಿದುದು ಬೇಟೆಗಾಗಿಯೇ ಆಗಿದ್ದರೆ ಈ ಕೊನೆಯ ಬೇಡಿಕೆಯು ನ್ಯಾಯವಾದುದೇ ಸರಿ. ಸ್ಟೀವನ್ಸನ್-ಹ್ಯಾಮಿಲ್ಟನನಿಗೆ ಇಲ್ಲಿಯೇ ಕಾಡಿನ ದೌರ್ಬಲ್ಯ ಕಂಡಿತು. ಕೊಲ್ಲುವುದಕ್ಕಲ್ಲದಿದ್ದರೆ ಈ ಕಾಡು ಯಾವುದಕ್ಕೆ ಎಂಬ ಪ್ರಶ್ನೆಗೆ ಉತ್ತರ ಬೇಕಾಗಿದ್ದಿತು. ಅವನು ಕಂಡುಕೊಂಡ ಉತ್ತರ: ನೋಡುವುದಕ್ಕೆ. 1916ರಲ್ಲಿ ನೇಮಕವಾದ ವಿಚಾರಣಾ ಸಮಿತಿಯು 1918ರ ವರದಿಯಲ್ಲಿ ಈ ಸೀಮೆಯನ್ನು ರಾಷ್ಟ್ರೀಯ ವನವನ್ನಾಗಿ ಮಾಡುವುದು ಲೇಸೆಂದು ಹೇಳಿತು. ಹೇಳಿದುದು ನಡೆಯಲು ಜನರ ಒಲವು ಬೇಕಾಗಿದ್ದಿತು.

ಆ ಒಲವನ್ನು ತಂದುಕೊಟ್ಟುದು ರೈಲುಬಂಡಿ. ಸೆಲಾಟಿ ಎಂಬ ಕಡೆಯ ಚಿನ್ನಕ್ಕಾಗಿ ಆರಂಭವಾಗಿ, ಹಣದ ಮೋಸಗಳಿಂದ ನಿಂತು, 1912ರಲ್ಲಿ ಪೂರ್ಣವಾದ ರೈಲುದಾರಿಯೊಂದು ಈ ಕಾಡನ್ನು ಸೀಳಿಕೊಂಡು ಹೋಗಿದ್ದಿತು. 1923ರಲ್ಲಿ ರೈಲ್ವೆ ಇಲಾಖೆಯವರು ಒಂಬತ್ತು ದಿನಗಳ ಪ್ರವಾಸವೊಂದನ್ನು ಏರ್ಪಡಿಸಿದರು. ಸಾಬಿ ಸೇತುವೆಯ ಬಳಿ ಬಂಡಿ ರಾತ್ರಿ ನಿಲ್ಲುವುದು ಆ ಏರ್ಪಾಟಿನಲ್ಲಿ ಒಂದು ಸಣ್ಣ ಅಂಗ ಮಾತ್ರ. ಆದರೆ ಕಾಡಿನ ಕತ್ತಲೆಯಲ್ಲಿ ಬೆಂಕಿಯ ಸುತ್ತ ಕುಳಿತು ದೂರದ ಸಿಂಹಗರ್ಜನೆಯನ್ನು ಕೇಳುವುದೇ ಪ್ರವಾಸಿಗಳಿಗೆ ಎಲ್ಲಕ್ಕಿಂತ ರುಚಿಸಿತು. ಸಿಂಹವನ್ನು ಪೀಡೆಯೆಂದು ಕೊಲ್ಲುತ್ತಿದ್ದ ಕಾಡಿನಲ್ಲಿ ಜನ ಹಣ ಕೊಟ್ಟು ಸಿಂಹದ ದನಿಯನ್ನು ಕೇಳಬಂದರು. ಕಾಡಿನ ಬೆಲೆಯು ಆಗ ತಿರುಗಿತು.

1926ನೆಯ ಮೇ 31ರಂದು ದಕ್ಷಿಣ ಆಫ್ರಿಕೆಯ ಸಂಸತ್ತು ರಾಷ್ಟ್ರೀಯ ವನಗಳ ಶಾಸನವನ್ನು ಅಂಗೀಕರಿಸಿತು. ಮಸೂದೆಯನ್ನು ತಂದ ಮಂತ್ರಿ ಪೀಟ್ ಗ್ರೋಬ್ಲರನು ಪಾಲ್ ಕ್ರೂಗರನ ಬಂಧು. ಬೋಯರರ ಅಭಿಮಾನವನ್ನು ಗೆಲ್ಲಲು ವನಕ್ಕೆ ಕ್ರೂಗರನ ಹೆಸರೇ ತಕ್ಕುದೆಂದು ಎಲ್ಲರಿಗೂ ತೋರಿತು. ಸ್ಟೀವನ್ಸನ್-ಹ್ಯಾಮಿಲ್ಟನನು ಬಹಿರಂಗದಲ್ಲಿ ಒಪ್ಪಿದನು. ಖಾಸಗಿ ಪತ್ರದಲ್ಲಾದರೋ, ಕ್ರೂಗರನು ಮೃಗಗಳನ್ನು ಒಣಮಾಂಸವೆಂದಲ್ಲದೆ ಬೇರೆ ಬಗೆಯಲ್ಲಿ ಎಂದೂ ಯೋಚಿಸಿದವನಲ್ಲ ಎಂಬ ಅರ್ಥದ ಮಾತನ್ನು ಬರೆದನು. ಕ್ರೂಗರನನ್ನು ಮೃಗರಕ್ಷಣೆಯ ಪ್ರವಾದಿಯೆಂದು ಕೊಂಡಾಡುವುದು ಎಷ್ಟರಮಟ್ಟಿಗೆ ಕಟ್ಟುಕಥೆ ಎಂಬುದನ್ನು ಇತಿಹಾಸಕಾರ್ತಿ ಜೇನ್ ಕರುದರ್ಸ್ 1995ರ ತಮ್ಮ ಗ್ರಂಥದಲ್ಲಿ ವಿವರಿಸಿರುವರು.

1927ರಲ್ಲಿ ವನವು ಮೋಟಾರುಗಳಿಗೆ ತೆರೆಯಿತು. ಆ ವರ್ಷ ಬಂದುವು ಮೂರು ಬಂಡಿಗಳು. ಒಟ್ಟು ಆದಾಯ ಮೂರು ಪೌಂಡು. 1928ರಲ್ಲಿ 180 ಬಂಡಿಗಳು, 1929ರಲ್ಲಿ 850. ಮೊದಮೊದಲು ಬಂದವರು ಮುಳ್ಳುಬೇಲಿಯ ಆವರಣದಲ್ಲಿ ಬಂಡಿಯ ಪಕ್ಕದಲ್ಲಿಯೇ ಮಲಗಿದರು. ತರುವಾಯ ಗುಡಿಸಲುಗಳು ಎದ್ದುವು. ರಸ್ತೆಗಳನ್ನು ಕಡಿದವರಲ್ಲಿ, ಗಡಿ ದಾಟಿ ಗಣಿಗಳಿಗೆ ಕೂಲಿ ಹುಡುಕಿಕೊಂಡು ಹೋಗುತ್ತ ವನದಲ್ಲಿ ಸಿಕ್ಕಿಬಿದ್ದು ಶಿಕ್ಷೆಯಾಗಿ ದುಡಿಯುತ್ತಿದ್ದ ಬಡವರೂ ಇದ್ದರು. ಜನ ಬಂದರು, ಹಣ ಬಂದಿತು. ಸಿಂಹವು ಪೀಡೆಯ ಪಟ್ಟಿಯಿಂದ ಹೊರಬಿದ್ದು ಆಕರ್ಷಣೆಯ ಪಟ್ಟಿಯಲ್ಲಿ ಮೊದಲನೆಯದಾಯಿತು. ತಿನ್ನುವ ಮೃಗವೂ ತಿನ್ನಿಸಿಕೊಳ್ಳುವ ಮೃಗವೂ ಒಂದರಿಂದೊಂದು ನಿಲ್ಲುವುವೆಂಬುದನ್ನು ಮೇಲ್ವಿಚಾರಕನು ವರ್ಷಗಳ ಅವಲೋಕನದಿಂದ ಕಂಡುಕೊಂಡಿದ್ದನು. ಸಿಂಹಸಂಹಾರವು ಕ್ರಮೇಣ ನಿಂತಿತು.

5

ಹಕ್ಕಿಗಳ ವಿಷಯದಲ್ಲಿಯೂ ಇಂಥದೇ ಪರಿವರ್ತನೆ ನಡೆಯಿತು. ಹಿಂದೆ ಹಕ್ಕಿಯ ಶಾಸ್ತ್ರವೆಂದರೆ ಕೋವಿಯ ಶಾಸ್ತ್ರವೇ ಆಗಿದ್ದಿತು. ಹೊಡೆದು ತೊಗಲು ಬಿಡಿಸಿ ಪೆಟ್ಟಿಗೆಯಲ್ಲಿಟ್ಟಲ್ಲದೆ ಹೆಸರು ನಿಶ್ಚಯವಾಗುತ್ತಿರಲಿಲ್ಲ. 1930ರಲ್ಲಿ ದಕ್ಷಿಣ ಆಫ್ರಿಕೆಯ ಪಕ್ಷಿಶಾಸ್ತ್ರ ಸಂಘವು ಹುಟ್ಟಿತು. 1940ರಲ್ಲಿ ಪ್ರಿಟೋರಿಯದ ವಸ್ತುಸಂಗ್ರಹಾಲಯದ ಆಸ್ಟಿನ್ ರಾಬರ್ಟ್ಸನು ಆ ದೇಶದ ಹಕ್ಕಿಗಳನ್ನು ಕುರಿತ ಸಚಿತ್ರ ಗ್ರಂಥವನ್ನು ಪ್ರಕಟಿಸಿದನು. ಮುಂದಿನ ತಲೆಮಾರುಗಳಲ್ಲಿ ‘ರಾಬರ್ಟ್ಸ್’ ಎಂದರೆ ಆ ದೇಶದ ಮನೆಮನೆಗಳಲ್ಲಿ ಹಕ್ಕಿಯ ಪುಸ್ತಕವೆಂದೇ ಅರ್ಥವಾಯಿತು. ಪುಸ್ತಕವೂ ದುರ್ಬೀನೂ ಕೂಡಿ ಕೋವಿಯ ಕೆಲಸವನ್ನು ಕಸಿದುಕೊಂಡುವು.

ದೊಡ್ಡ ಮೃಗಗಳನ್ನು ಬಯಸುವವರಿಗೆ ಇಲ್ಲಿ ಚಳಿಗಾಲವೇ ಕಾಲ. ಎಂದರೆ ಜೂನಿನಿಂದ ಆಗಸ್ಟಿನವರೆಗೆ. ಆಗ ಹುಲ್ಲು ಒಣಗಿ ಕಣ್ಣು ದೂರ ಹರಿಯುವುದು. ಮೃಗಗಳು ಉಳಿದಿರುವ ನೀರಿನ ಕಡೆಗೆ ಕೂಡುವುವು. ಜ್ವರದ ಭಯವೂ ಕಡಿಮೆ. ಹಕ್ಕಿಗಳನ್ನು ಬಯಸುವವರಿಗಾದರೋ ಮಳೆ ಬೀಳುವ ಬೇಸಗೆಯೇ ಒಳ್ಳೆಯದು. ನವೆಂಬರಿನ ಹೊತ್ತಿಗೆ ದೂರದೂರದ ವಲಸೆಯ ಹಕ್ಕಿಗಳೆಲ್ಲ ಬಂದು ಸೇರುವುವು. ಆಫ್ರಿಕೆಯ ನಡುನಾಡಿನಿಂದ ಕಾಡುಮಿಂಚುಳ್ಳಿ ಬರುವುದು. ಹೆಸರು ಮಿಂಚುಳ್ಳಿಯಾದರೂ ಅದರ ಆಹಾರ ಬಹುಮಟ್ಟಿಗೆ ಹುಳುಹುಪ್ಪಟೆ. ಯೂರೋಪಿನಿಂದ ಜೇನುನೊಣ ಹಿಡಿಯುವ ಪತ್ರಂಗಗಳೂ ನೀಲಕಂಠದ ಕುಲದ ಹಕ್ಕಿಗಳೂ ಬರುವುವು. ಆ ಕುಲದಲ್ಲಿಯೇ ಎದೆ ನಸುನೇರಿಳೆಯಾದ ಮತ್ತೊಂದು ಬಗೆ ವರ್ಷವೆಲ್ಲವೂ ಅಲ್ಲಿಯೇ ಇದ್ದು ಒಣಕೊಂಬೆಯ ತುದಿಯಲ್ಲಿ ಕುಳಿತಿರುವುದು. ಕನ್ನಡನಾಡಿನ ಹೊಲಗಳಲ್ಲಿ ನೀಲಕಂಠವನ್ನು ಕಂಡು ಬಲ್ಲವರಿಗೆ ಅದರ ಗುರುತು ಹಿಡಿಯುವುದು ಕಷ್ಟವಲ್ಲ. ಹಾರುವಾಗ ರೆಕ್ಕೆಯ ನೀಲಿಯು ಹೊಳೆಯುವ ಬಗೆಯೊಂದೇ.

ಭಾರತೀಯರಿಗೆ ಇನ್ನೂ ಹತ್ತಿರದ ಹಕ್ಕಿಯೊಂದುಂಟು, ಅದೇ ಚಾತಕ. ಮೊದಲ ಮಳೆಯ ಹನಿಗಾಗಿ ಬಾಯಿತೆರೆದಿರುವುದೆಂದು ಸಂಸ್ಕೃತ ಕವಿಗಳು ಹೊಗಳಿದ ಈ ಜುಟ್ಟಿನ ಕೋಗಿಲೆಯು ಮುಂಗಾರಿನೊಡನೆ ಆಫ್ರಿಕೆಯ ಕಡೆಯಿಂದ ಉತ್ತರಭಾರತಕ್ಕೆ ಬರುವುದು. ಅದರ ದಾಯಾದಿ ಪಂಗಡವೊಂದು ದಕ್ಷಿಣ ಆಫ್ರಿಕೆಯಲ್ಲಿಯೂ ಮಳೆಗಾಲದ ಅತಿಥಿ. ಇಲ್ಲಿಯ ಚಾತಕವು ಹರಟೆಮಲ್ಲ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಮರಿಗಳನ್ನು ಬೆಳೆಸಿಕೊಂಡರೆ, ಅಲ್ಲಿಯದು ಪಿಕಳಾರಗಳ ಗೂಡನ್ನು ಅರಸುವುದು. ಮಳೆಯೊಡನೆ ಬರುವ ಗುಣ ಮಾತ್ರ ಎರಡು ಕಡೆಗೂ ಸಮಾನ.

ವನದ ನೆಲದ ಮೇಲೆಯೇ ನಡೆದು ಬೇಟೆಯಾಡುವ ಮಂಗಟ್ಟೆಯೊಂದುಂಟು. ಕೋಳಿಗಿಂತ ಬಹು ದೊಡ್ಡದು. ಮೈ ಕಪ್ಪು, ಕೊರಳಿನ ಚೀಲ ಕೆಂಪು. ಮುಂಜಾವದಲ್ಲಿ ಅದು ಎದೆಯಾಳದಿಂದ ಹೊರಡಿಸುವ ಗಂಭೀರ ದನಿಯನ್ನು ದೂರದಿಂದ ಕೇಳಿದವರು ಸಿಂಹವೆಂದು ಭ್ರಮೆಗೊಳ್ಳುವುದುಂಟು. ಅದು ಮಳೆಯನ್ನು ಕರೆಯುವ ಹಕ್ಕಿಯೆಂದು ಅಲ್ಲಿಯ ಜನ ನಂಬಿ ಅದನ್ನು ಕೊಲ್ಲಲು ಹಿಂದೆಗೆಯುತ್ತಿದ್ದರು. ಶಾಸನವು ಹುಟ್ಟುವ ಮೊದಲೇ ನಂಬಿಕೆಯಿಂದ ಅಭಯ ಪಡೆದ ಹಕ್ಕಿ ಅದು. ಕುಟುಂಬವಾಗಿ ಬಾಳಿ, ಬಹು ನಿಧಾನವಾಗಿ ಮರಿ ಬೆಳೆಸುವ ಇದಕ್ಕೆ ವನದ ಹೊರಗಣ ಹೊಲಗದ್ದೆಗಳ ನಡುವೆ ಬಾಳುವುದು ಕಷ್ಟವಾಗಿದೆ.

ಹಕ್ಕಿಗಳ ಕಥೆ ಮೃಗಗಳ ಕಥೆಯೊಡನೆ ಎಷ್ಟು ಹೆಣೆದುಕೊಂಡಿರುವುದೆಂಬುದಕ್ಕೆ ಉಣ್ಣೆ ಹೆಕ್ಕುವ ಹಕ್ಕಿಯೇ ಸಾಕ್ಷಿ. ಕಾಡೆಮ್ಮೆಯ ಬೆನ್ನಿನ ಮೇಲೆ ಸವಾರಿ ಮಾಡುತ್ತ ಉಣ್ಣೆಗಳನ್ನು ಹೆಕ್ಕಿ ತಿನ್ನುವ ಈ ಹಕ್ಕಿಗಳಲ್ಲಿ ಕೆಂಪು ಕೊಕ್ಕಿನವೆಂದೂ ಹಳದಿ ಕೊಕ್ಕಿನವೆಂದೂ ಎರಡು ಬಗೆ. ದೊಡ್ಡರೋಗದಿಂದ ಕಾಡೆಮ್ಮೆಗಳು ಅಳಿದುವು. ಒಕ್ಕಲಿಗರು ಉಣ್ಣೆ ಕೊಲ್ಲಲು ದನಗಳನ್ನು ಪಾಷಾಣ ಬೆರೆಸಿದ ನೀರಿನಲ್ಲಿ ಮುಳುಗಿಸತೊಡಗಿದರು. ಆಹಾರ ತಪ್ಪಿ, ವಿಷ ತಗಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳದಿ ಕೊಕ್ಕಿನ ಬಗೆಯು ದಕ್ಷಿಣ ಆಫ್ರಿಕೆಯಿಂದ ಕಣ್ಮರೆಯಾಯಿತು. ಕ್ರೂಗರ್ ವನದ ಕಾಡೆಮ್ಮೆಗಳು ಮಾತ್ರ ಅಭಯದಲ್ಲಿ ಮೆಲ್ಲನೆ ಬೆಳೆದು ಮತ್ತೆ ಹಿಂಡುಗಳಾದುವು. 1979ರಲ್ಲಿ ಹಳದಿ ಕೊಕ್ಕಿನ ಹಕ್ಕಿಗಳು ಬಡಗಣ ಜಿಂಬಾಬ್ವೆಯ ಕಡೆಯಿಂದ ತಾವಾಗಿಯೇ ಬಂದು ಆ ಬೆನ್ನುಗಳನ್ನೇರಿದುವು. ಅವನ್ನು ಯಾರೂ ಹಿಡಿದು ತಂದು ಬಿಟ್ಟವರಿಲ್ಲ. ಹಿಂಡುಗಳು ಮರಳಿದುವು, ಹಿಂಡುಗಳನ್ನು ನಂಬಿದ ಹಕ್ಕಿಯೂ ಮರಳಿತು. ಖಡ್ಗಮೃಗವನ್ನಾದರೋ ಮನುಷ್ಯನೇ ತರಬೇಕಾಯಿತು. 1961ರಿಂದ ನಟಾಲಿನ ಉಂಫೊಲೋಜಿ ಕಾಡಿನ ಬಿಳಿಯ ಖಡ್ಗಮೃಗಗಳನ್ನು ಸಾಗಿಸಿ ಇಲ್ಲಿ ಬಿಟ್ಟರು.

6

ಮೃಗಗಳಿಗೂ ಹಕ್ಕಿಗಳಿಗೂ ಬಾಗಿಲು ಹೀಗೆ ತೆರೆಯುತ್ತಿರುವಾಗ ಮನುಷ್ಯರಿಗೆ ಅದು ಸಮನಾಗಿ ತೆರೆಯಲಿಲ್ಲ. ರಾಷ್ಟ್ರೀಯ ವನವೆಂಬ ಹೆಸರಿನಲ್ಲಿ ರಾಷ್ಟ್ರವೆಂದರೆ ಬಿಳಿಯರ ರಾಷ್ಟ್ರವೆಂಬ ಅರ್ಥವೇ ಬಹುಕಾಲ ನಡೆಯಿತು. ಕರಿಯರೂ ಹಿಂದೂಸ್ಥಾನ ಮೂಲದವರೂ ವನವನ್ನು ನೋಡಬಯಸಿ ಬರುತ್ತಲೇ ಇದ್ದರೆಂಬುದನ್ನು ಜೇಕಬ್ ದ್ಲಾಮಿನಿ 2020ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿರುವರು. ಆದರೆ ಅವರು ತಂಗಲು ಇದ್ದುದು ಬಾಲುಲೆ ಎಂಬಂಥ ಸಣ್ಣ ಬಿಡಾರದ ಕೆಲವೇ ಗುಡಿಸಲುಗಳು. ಸಿಂಹವನ್ನು ನೋಡುವ ಕಣ್ಣಿಗೂ ಬಣ್ಣದ ಭೇದವನ್ನು ಎಣಿಸಿದ ಕಾಲವದು.

1969ರಲ್ಲಿ ನಡೆದುದು ಇದಕ್ಕಿಂತಲೂ ಕಠಿನವಾದುದು. ಲಿಂಪೋಪೊ ಮತ್ತು ಲುವುವ್ಹು ನದಿಗಳು ಕೂಡುವ ಬಡಗಣ ಮೂಲೆಗೆ ಪಾಫುರಿ ಎಂದು ಹೆಸರು. ಹಳದಿ ತೊಗಟೆಯ ಜ್ವರಮರಗಳೂ ಹೆಮ್ಮರವಾದ ಬಾವೊಬಾಬುಗಳೂ ಇರುವ ಈ ಮೂಲೆಯು ವನದಲ್ಲೆಲ್ಲ ಹಕ್ಕಿಗಳಿಗೆ ಹೆಸರಾದುದು; ಮೀನು ಹಿಡಿಯುವ ಅಪರೂಪದ ದೊಡ್ಡ ಗೂಬೆಯನ್ನು ಅರಸಿ ಪಕ್ಷಿಪ್ರಿಯರು ಇಲ್ಲಿಯವರೆಗೂ ಬರುವರು. ಇದು ಮಕುಲೆಕೆ ಜನರ ನೆಲ. ವರ್ಣಭೇದದ ಸರ್ಕಾರವು ಈ ನೆಲವನ್ನು ವನಕ್ಕೆ ಸೇರಿಸಲೆಂದು ಸುಮಾರು 3,000 ಜನರನ್ನು ಬಲಾತ್ಕಾರದಿಂದ ಎಬ್ಬಿಸಿ ದೂರದ ಬೇರೆ ಸೀಮೆಗೆ ಸಾಗಿಸಿತು. ಕೋವಿಯ ಎದುರಿನಲ್ಲಿ ತಮ್ಮ ಗುಡಿಸಲುಗಳಿಗೆ ತಾವೇ ಬೆಂಕಿಯಿಡಬೇಕಾಯಿತೆಂದು ಆ ಜನ ನೆನೆಯುವರು. ಕೋವಿಗೆ ಮುದ್ರೆ ಹಾಕಿಸುವ ವನವು ಕೋವಿಯಿಂದಲೇ ಬೆಳೆಯಿತು.

1994ರಲ್ಲಿ ದೇಶವು ಪ್ರಜಾಪ್ರಭುತ್ವವನ್ನು ಪಡೆಯಿತು. ಕಸಿದುಕೊಂಡ ಭೂಮಿಯನ್ನು ಹಿಂದಿರುಗಿಸುವ ಶಾಸನವೂ ಅದೇ ವರ್ಷ ಬಂದಿತು. ಮಕುಲೆಕೆ ಜನ ತಮ್ಮ ಹಕ್ಕನ್ನು ಮುಂದಿಟ್ಟರು. 1998ರಲ್ಲಿ ಸುಮಾರು 24,000 ಹೆಕ್ಟೇರು ನೆಲದ ಒಡೆತನವು ಅವರಿಗೆ ಮರಳಿತು. ಆಗ ಅವರು ಮಾಡಿದ ನಿರ್ಧಾರ ವಿಚಾರಾರ್ಹವಾದುದು. ಆ ನೆಲವನ್ನು ಉಳುವುದಿಲ್ಲ, ಅಲ್ಲಿ ಊರು ಕಟ್ಟುವುದಿಲ್ಲ, ವನವಾಗಿಯೇ ಉಳಿಸುತ್ತೇವೆ. ಆದರೆ ಒಡೆಯರು ನಾವು, ಅತಿಥಿಗಳಿಂದ ಬರುವ ಲಾಭದಲ್ಲಿ ಪಾಲು ನಮ್ಮದು, ಆಡಳಿತದಲ್ಲಿ ಮಾತು ನಮ್ಮದು ಎಂಬ ಒಪ್ಪಂದಕ್ಕೆ ಬಂದರು. ಅವರ ಹೆಸರನ್ನು ಹೊತ್ತ ಜೌಗುನೆಲಗಳು 2007ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದುವು. ಕಾಡನ್ನು ಉಳಿಸಲು ಅದರ ಜನರನ್ನು ಹೊರದೂಡಲೇಬೇಕೆಂಬ ಹಳೆಯ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇರೆ ಬೇಕಿಲ್ಲ.

ನೋಟವೊಂದೇ ಕಾಡನ್ನು ಕಾಯಲಾರದೆಂಬುದನ್ನೂ ಇತಿಹಾಸವು ತೋರಿಸಿದೆ. ಅತಿಥಿಗಳು ಆನೆಗಳನ್ನು ಕಂಡು ನಲಿಯುತ್ತಿದ್ದ ಕಾಲದಲ್ಲಿಯೇ, ಸಂಖ್ಯೆ ಮಿತಿಮೀರಿತೆಂದು, 1967ರಿಂದ 1994ರವರೆಗೆ ವನದ ಆಡಳಿತವೇ ಸಾವಿರಾರು ಆನೆಗಳನ್ನು ಕೊಲ್ಲಿಸಿತು. 2008ರಿಂದೀಚೆಗೆ ಕೊಂಬಿನ ಆಸೆಯಿಂದ ಕಳ್ಳಬೇಟೆಗಾರರು ಖಡ್ಗಮೃಗಗಳ ಮೇಲೆ ಬಿದ್ದರು. 2011ರ ಹೊತ್ತಿಗೆ 10,000ಕ್ಕೆ ಮಿಕ್ಕಿದ್ದ ಬಿಳಿಯ ಖಡ್ಗಮೃಗಗಳು 2020ರ ವೇಳೆಗೆ ಮೂರನೆಯ ಒಂದು ಪಾಲಿಗಿಂತಲೂ ಕೆಳಗಿಳಿದುವು. ಹೆಣಗಳಲ್ಲಿ ವಿಷವಿಟ್ಟು ರಣಹದ್ದುಗಳನ್ನು ಕೊಲ್ಲುವುದೂ ನಡೆದಿದೆ. ಆಕಾಶದಲ್ಲಿ ಸುತ್ತುವ ಹದ್ದುಗಳು ಕಳ್ಳಬೇಟೆಯ ತಾಣವನ್ನು ಕಾವಲುಗಾರರಿಗೆ ತೋರಿಸಿಕೊಡುವುವಲ್ಲವೆ! ಬೇಲಿಯಾಚೆಯ ಹಳ್ಳಿಯ ಬಡವನಿಗೆ ಕಾಡಿನಿಂದ ಲಾಭವೇನೂ ಇಲ್ಲದಿದ್ದರೆ ಕಳ್ಳಬೇಟೆಯ ಒಡೆಯರು ಅವನನ್ನು ಕೊಳ್ಳುವುದು ಸುಲಭ. ಪಾಲುಳ್ಳವನು ಕಾವಲಿಗೆ ನಿಲ್ಲುವನು.

ವಲಸೆಯ ಹಕ್ಕಿಗೆ ಬೇಲಿಯೊಳಗಿನ ಅಭಯ ಮಾತ್ರವೂ ಸಾಲದು. ಪೂರ್ವ ಏಷ್ಯದಲ್ಲಿ ಮರಿಮಾಡುವ ಅಮೂರ್ ಡೇಗೆಯು ಚಳಿಗಾಲವನ್ನು ಆಫ್ರಿಕೆಯ ತೆಂಕಣ ಭಾಗದಲ್ಲಿ ಕಳೆಯಲು ಹಿಂದೂಸ್ಥಾನವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಹೋಗುವುದು. ಆ ದಾರಿಯಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಅಸಂಖ್ಯಾತ ಡೇಗೆಗಳನ್ನು ಬಲೆಯೊಡ್ಡಿ ಕೊಂದ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಮರುವರ್ಷವೇ ಅಲ್ಲಿಯ ಹಳ್ಳಿಗರು ಬಲೆಗಳನ್ನು ಕೆಳಗಿಟ್ಟು ಅದೇ ಹಕ್ಕಿಗಳ ಕಾವಲಿಗೆ ನಿಂತರು. ಆಫ್ರಿಕೆಯ ಹುಲ್ಲುಗಾವಲಿನಲ್ಲಿ ದುರ್ಬೀನಿನಿಂದ ಡೇಗೆಯನ್ನು ನೋಡುವವನ ಸಂತೋಷವು ನಾಗಾ ಹಳ್ಳಿಯ ಒಪ್ಪಿಗೆಯನ್ನೂ ಅವಲಂಬಿಸಿದೆ.

ಸ್ಟೀವನ್ಸನ್-ಹ್ಯಾಮಿಲ್ಟನನು 1957ರಲ್ಲಿ ತೀರಿಕೊಂಡನು. ಮೃಗಗಳ ವಿಷಯದಲ್ಲಿ ಅವನು ತನ್ನ ಜೀವಮಾನದೊಳಗೆ ಮನಸ್ಸನ್ನು ತಿದ್ದಿಕೊಂಡವನು. ಸಿಂಹವನ್ನು ಕೊಲ್ಲಿಸಿದವನೇ ಸಿಂಹಕ್ಕೆ ಅಭಯವನ್ನಿತ್ತನು. ಮನುಷ್ಯರ ವಿಷಯದಲ್ಲಿ ಆ ತಿದ್ದುಪಡಿಯು ನಡೆಯಲು ಅವನ ಬಳಿಕ ಇನ್ನೂ ನಾಲ್ವತ್ತು ವರ್ಷ ಬೇಕಾಯಿತು. ಒಂದು ಕಾಡು ನಿಜವಾದ ಅಭಯವನವೆನಿಸಬೇಕಾದರೆ ಅಲ್ಲಿ ಮೃಗವು ಕೋವಿಗೆ ಅಂಜದೆ ನೀರು ಕುಡಿಯಬೇಕು. ಆ ನೀರಿನ ದಡದಲ್ಲಿ ಹಿಂದೆ ಬಾಳಿದ ಜನರ ಮಕ್ಕಳೂ ಅದು ತಮ್ಮದೆಂದು ಅಂಜದೆ ಹೇಳುವಂತಿರಬೇಕು.